ಗೋಡೆಯ ಮೇಲಿನ ಹದಿಮೂರು ಮಾತು

ಪಾತ್ರೆಯ ತಳದಲ್ಲಿ ಅನ್ನ ಸೀಯುವ ವಾಸನೆ ಬಂದರೆ ನೀವೆಲ್ಲ ಏನು ಮಾಡುತ್ತೀರಿ? 'ಅಯ್ಯೋ' ಎಂದು ಒಲೆಯ ಹತ್ತಿರ ಓಡುತ್ತೀರಿ. ನಾನು ಓಡುವುದಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು ಸುಮ್ಮನೆ ನಿಲ್ಲುತ್ತೇನೆ. ಮೊದಲು ಹುರಿದ ಅಕ್ಕಿಯ ಹಾಗೆ ಒಂದು ಸಿಹಿ ಘಮ ಬರುತ್ತದೆ, ಆಮೇಲೆ ಸ್ವಲ್ಪ ಕಮಟು, ಆಮೇಲೆ ನಿಜವಾದ ಸೀಕಲು ವಾಸನೆ. ಆ ಎರಡನೆಯ ಮತ್ತು ಮೂರನೆಯ ಘಟ್ಟದ ನಡುವೆ ಒಲೆ ಆರಿಸಬೇಕು. ಹಾಗೆ ಆರಿಸಿದರೆ ತಳದಲ್ಲಿ ಹೊಂಬಣ್ಣದ ಗಟ್ಟಿ ಹಕ್ಕಳೆ ಏಳುತ್ತದೆ. ಅದಕ್ಕೆ ನನ್ನ ಬಾಯಿಗೆ ಬರುವ ಹೆಸರು 'ದುಕೊಟ್'. ಅದು ಕನ್ನಡವಲ್ಲ, ಸ್ವೀಡಿಷ್ ಅಲ್ಲ, ಇಂಗ್ಲಿಷ್ ಅಲ್ಲ. ನಮ್ಮ ಮನೆಯ ಏಳು ತಲೆಮಾರಿನಲ್ಲಿ ಯಾರೂ ಆಡದ ಮಾತು ಅದು. ನನ್ನ ನಾಲಿಗೆಯ ಮೇಲೆ ಮೊಟ್ಟಮೊದಲು ಕುಳಿತ ಮಾತುಗಳಲ್ಲಿ ಒಂದು. ಇವತ್ತು ಅದನ್ನು ಹೇಳಿಕೊಳ್ಳಲು ನನಗೆ ಈ ಭೂಮಿಯ ಮೇಲೆ ಒಬ್ಬರೂ ಇಲ್ಲ.

ನಾನು ಒಂದೂವರೆ ವರ್ಷದವಳಿದ್ದಾಗ ಅಪ್ಪ ಅಮ್ಮ ನನ್ನನ್ನು ಎತ್ತಿಕೊಂಡು ಸ್ವೀಡನ್ನಿನ ಮೋಲ್ನ್‌ಡಾಲ್‌ಗೆ ಬಂದರು. ಅಪ್ಪನಿಗೆ ಅಲ್ಲಿ ಔಷಧ ಸಂಶೋಧನೆಯ ಕೆಲಸ. ಕೆಲವೇ ತಿಂಗಳಲ್ಲಿ ಅಮ್ಮನಿಗೂ ಇನ್ನೊಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ನನ್ನನ್ನು ಬಿಡಲು ಡಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಜಾಗವಿರಲಿಲ್ಲ. ಕಮ್ಯೂನಿನವರು, ಅಂದರೆ ಅಲ್ಲಿಯ ಪುರಸಭೆಯವರು, ಕಾಯಿರಿ ಎಂದಿದ್ದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ನಮ್ಮ ಗಾದೆ. ಮೋಲ್ನ್‌ಡಾಲ್‌ನಲ್ಲಿ ಆ ನೀರು ಎಂದರೆ ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿದ್ದ ಬಟ್ಟೆ ಒಗೆಯುವ ಕೋಣೆ. ಗೋಡೆಯ ಹಲಗೆಯ ಮೇಲೆ ಸಮಯ ಗುರುತು ಹಾಕಿ, ಪಾಳಿಯ ಪ್ರಕಾರ ಎಲ್ಲರೂ ಅಲ್ಲಿಗೇ ಇಳಿಯಬೇಕು. ಅಲ್ಲಿ ಒಂದು ಶನಿವಾರ ಬೆಳಿಗ್ಗೆ ಅಮ್ಮನಿಗೆ ಮೇಲಿನ ಮಹಡಿಯ ಲೂರ್ದೆಸ್ ಸಿಕ್ಕಿದರು. ಹೆಗಲ ಮೇಲೆ ಅಕ್ಕಿ ಮೂಟೆ ಹೊತ್ತು, ಲಿಫ್ಟು ಕೆಟ್ಟಿತ್ತೆಂದು ದಮ್ಮು ಹತ್ತಿ ಕುಳಿತಿದ್ದರಂತೆ. ಕುದಿಸುವ ಪುಟ್ಟ ಚೀಲಗಳಲ್ಲಿ ತುಂಬಿದ ಬೆಪ್ಪು ಅಕ್ಕಿಯನ್ನೇ ತಿಂಗಳುಗಟ್ಟಲೆ ಉಂಡಿದ್ದ ಅಮ್ಮನಿಗೆ ಆ ಮೂಟೆ ಕಂಡದ್ದೇ ಕಣ್ಣಲ್ಲಿ ನೀರು. ಇಬ್ಬರೂ ಒಗೆಯುವ ಯಂತ್ರದ ಮುಂದಿನ ಬೆಂಚಿನ ಮೇಲೆ ಕುಳಿತು ಹರಕು ಇಂಗ್ಲಿಷಿನಲ್ಲಿ ಅಕ್ಕಿಯ ಮಾತಾಡಿದರು. ಇಲ್ಲಿಯವರಿಗೆ ಗದ್ದೆಯಲ್ಲಿದ್ದರೂ ಅದೇ ಹೆಸರು, ಚೀಲದಲ್ಲಿದ್ದರೂ ಅದೇ, ತಟ್ಟೆಯಲ್ಲಿದ್ದರೂ ಅದೇ ಎಂದು ಅಮ್ಮ ದೂರಿದಾಗ ಲೂರ್ದೆಸ್ ತೊಡೆ ತಟ್ಟಿ ನಕ್ಕರಂತೆ. ಅಮ್ಮ ಭತ್ತ ಎಂದರೆ ಅವರು 'ಹುಮಾಯ್', ಅಕ್ಕಿ ಎಂದರೆ 'ಬುಗಾಸ್', ಅನ್ನ ಎಂದರೆ 'ಕನ್‌ಒನ್'. ಮೂರಕ್ಕೂ ಮೂರು ಹೆಸರಿರುವ ಹೆಂಗಸು ಸಿಕ್ಕಿದಳು ಎಂದು ಅಮ್ಮ ಆ ದಿನ ಅಪ್ಪನ ಹತ್ತಿರ ಹೇಳಿದ್ದು, ಮುಂದಿನ ಸೋಮವಾರವೇ ನನ್ನನ್ನು ಅವರ ಮಡಿಲಿಗೆ ಹಾಕಿದ್ದು. ನೋಡಿ, ಮಾತಿನ ಮೇಲಿನ ನಂಬಿಕೆಯಿಂದಲೇ ಕೊಟ್ಟದ್ದು. ಕೊನೆಗೆ ಕಿತ್ತುಕೊಂಡದ್ದೂ ಅದಕ್ಕೇ.

ಲೂರ್ದೆಸ್ ಫಿಲಿಪೀನ್ಸಿನ ಇಲೊಯಿಲೊ ಕಡೆಯವರು. ಅವರ ಮಾತಿನ ಹೆಸರು ಹಿಲಿಗಾಯ್ನೊನ್ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆಗ ಅದಕ್ಕೆ ಹೆಸರು ಬೇಕಿರಲಿಲ್ಲ. ಅದು ಬರೀ ಮಾತಾಗಿತ್ತು. ನಾನು ಅವರನ್ನು 'ತೀತಾ' ಎನ್ನುತ್ತಿದ್ದೆ, ಹಾಗೆಂದರೆ ಅತ್ತೆ, ಚಿಕ್ಕಮ್ಮ. ಅವರು ನನ್ನನ್ನು ಅನಘ ಎಂದು ಒಂದು ದಿನವೂ ಕರೆಯಲಿಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳನ್ನು ಪುಟ್ಟಿ ಎಂದ ಹಾಗೆ ಅವರಲ್ಲಿ 'ಇಂದಾಯ್'. ಮುದ್ದು ಉಕ್ಕಿದರೆ 'ಲಂಗ್ಗಾ'. ಅವರ ಗಂಡ ಸ್ವೀಡಿಷರು, ನಿವೃತ್ತ ಲಾರಿ ಚಾಲಕ, ಎರಡು ಕಿವಿಯೂ ಮಂದ. ಮನೆಯೊಳಗೆ ಬಂದ ತಕ್ಷಣ ಕಿವಿಯ ಯಂತ್ರ ತೆಗೆದು ಗೂಡಿನಲ್ಲಿಟ್ಟು ಪತ್ರಿಕೆ ಬಿಡಿಸಿ ಕೂತುಬಿಡುತ್ತಿದ್ದರು. ಕೆಟ್ಟ ಮನುಷ್ಯನಲ್ಲ. ಆದರೆ ತೀತಾ ಇಡೀ ದಿನ ಬಾಯಿ ತುಂಬ ಇಟ್ಟುಕೊಂಡ ಮಾತನ್ನು ಯಾರಿಗೆ ಸುರಿಯಬೇಕು? ನನಗೆ ಸುರಿದರು.

ಬೆಳಿಗ್ಗೆ ಏಳಕ್ಕೆ ಅಮ್ಮ ನನ್ನನ್ನು ಮೇಲಿನ ಮನೆಯ ಬಾಗಿಲಲ್ಲಿ ಬಿಡುತ್ತಿದ್ದರು, ಸಂಜೆ ಆರಕ್ಕೆ ಕರೆದೊಯ್ಯುತ್ತಿದ್ದರು. ಆ ನಡುವಿನ ಹನ್ನೊಂದು ತಾಸು ನಾನು ಬೇರೆ ಒಂದು ದೇಶದಲ್ಲಿದ್ದೆ. ಕಿಟಕಿಯ ಆಚೆ ಕಪ್ಪು ಬಂಡೆ, ಅದರ ಮೇಲೆ ಕುಗ್ಗಿಹೋದ ಪೈನ್ ಮರಗಳು, ಚಳಿಗಾಲದಲ್ಲಿ ಮೂರೂವರೆಗೇ ಕತ್ತಲು. ಒಳಗೆ ಬೆಳ್ಳುಳ್ಳಿ ಹುರಿದ ಘಮ, ಕೆಂಪು ಅಂಗಿ ತೊಟ್ಟ ಬಾಲಯೇಸುವಿನ ಮುಂದೆ ಪ್ಲಾಸ್ಟಿಕ್ ಮಲ್ಲಿಗೆ, ಸದಾ ಬೆಚ್ಚಗಿರುವ ಅನ್ನದ ಪಾತ್ರೆ. 'ಕಾಓನ್ ತಾ' ಎಂದರೆ ಬಾ ಉಣ್ಣೋಣ. ಒಬ್ಬಳೇ ಉಣ್ಣು ಎಂಬ ಮಾತು ಆ ಮನೆಯಲ್ಲಿ ಇರಲಿಲ್ಲ. ರುಚಿಯಾದರೆ 'ನಾಮಿತ್', ಬಹಳ ರುಚಿಯಾದರೆ 'ನಾಮಿತ್ ಗಿದ್'. ಆ 'ಗಿದ್' ಎಂಬುದನ್ನು ತೀತಾ ಎಲ್ಲದಕ್ಕೂ ಅಂಟಿಸುತ್ತಿದ್ದರು. ನಾವು 'ಖಂಡಿತಾ', 'ಸತ್ಯವಾಗ್ಲೂ' ಎಂದು ಒತ್ತಿ ಹೇಳುವ ಜಾಗದಲ್ಲೆಲ್ಲ ಅವರಿಗೊಂದು ಗಿದ್ ಸಾಕು. ಗೊತ್ತಿಲ್ಲದಿದ್ದರೆ 'ಅಂಬೊತ್', ಅದಕ್ಕೆ ಹೆಗಲು ಕುಣಿಸಲೇಬೇಕು. ಏನನ್ನಾದರೂ ತೋರಿಸಬೇಕೆಂದರೆ ಬೆರಳಲ್ಲ, ತುಟಿ. ಸಕ್ಕರೆ ಡಬ್ಬ ಎಲ್ಲಿದೆ ಎಂದು ಅಪ್ಪ ಕೇಳಿದಾಗ ನಾನು ತುಟಿ ಮುಂದೆ ಮಾಡಿ ಕಪಾಟಿನ ಕಡೆ ತೋರಿಸುತ್ತಿದ್ದೆ. ಅಪ್ಪ, 'ಕಾಣ್, ನಿನ್ ಮಗಳಿಗೆ ಈಗ್ಲೇ ಎಷ್ಟ್ ಸೊಕ್ಕು' ಎಂದು ನಗುತ್ತಿದ್ದರು. ಇಲೊಯಿಲೊದವರ ಮಾತಿನ ರಾಗವೇ ಹಾಗಂತೆ, ಬೈದರೂ ತೊಟ್ಟಿಲು ತೂಗಿದ ಹಾಗಿರುತ್ತದೆ. ಹಾಲು ಚೆಲ್ಲಿದ್ದಕ್ಕೆ ತೀತಾ ಬೈಯುವುದನ್ನು ಕೇಳುತ್ತ ನಾನು ನಿದ್ದೆಹೋದದ್ದಿದೆ.

ಮೆಟ್ಟಿಲಲ್ಲಿ ಯಾರು ಸಿಕ್ಕಿದರೂ ತೀತಾ ಸ್ವೀಡಿಷ್‌ನಲ್ಲಿ ಎಲ್ಲಿಗೆ ಹೋಗ್ತಿದ್ದೀರಿ ಎಂದು ಕೇಳಿ ಅವರನ್ನು ಬೆಚ್ಚಿಬೀಳಿಸುತ್ತಿದ್ದರು. ಅವರ ಊರಲ್ಲಿ ಅದು ನಮಸ್ಕಾರ: 'ದಿಯಿನ್ ಕಾ ಮಕಾದ್ತೋ?' ನಮ್ಮ ಕುಂದಾಪುರದಲ್ಲೂ ಅದೇ ಅಲ್ಲವೇ? ಎಲ್ಲಿಗೆ ಹೊರಟದ್ದು ಎಂದು ಕೇಳದೆ ಹೋದರೆ ಮುಖ ಕೆಡಿಸಿಕೊಂಡಿದ್ದಾರೆ ಎಂದೇ ಅರ್ಥ. ಆ ಕಟ್ಟಡದ ಸ್ವೀಡಿಷರು ಮಾತ್ರ ಪೊಲೀಸರು ಕೇಳಿದ ಹಾಗೆ ಬೆದರಿ ಗೋಡೆಗಂಟಿ ಸರಿದುಹೋಗುತ್ತಿದ್ದರು. ಸಂಜೆ ಅಮ್ಮ ಬಂದಾಗ ತೀತಾ ನನ್ನ ಟೊಪ್ಪಿಯ ದಾರ ಕಟ್ಟಿ, ಬಾಗಿಲಲ್ಲಿ ಮಂಡಿಯೂರಿ ಕೂತು, 'ಹಾಲೊಂಗ್' ಎನ್ನುತ್ತಿದ್ದರು. ಹುಷಾರು, ಜೋಪಾನವಾಗಿ ಹೋಗಿ ಬಾ. ಒಂದು ಮಹಡಿ ಕೆಳಗೆ ಹೋಗುವವಳಿಗೆ ಏಳು ಸಮುದ್ರ ದಾಟುವವಳಿಗೆ ಹೇಳಿದ ಹಾಗೆ ಹೇಳುತ್ತಿದ್ದರು. ನಾನೂ ಹಾಲೊಂಗ್ ಎಂದು ತಿರುಗಿ ಹೇಳಿದರೇ ಬಾಗಿಲು ಮುಚ್ಚುವುದು.

ಟಿ.ವಿ.ಯ ಮೇಲೆ ಒಂದು ಫೋಟೊ ಇತ್ತು. ಬಿಳಿ ಕಾಲುಚೀಲ, ಎರಡು ಜಡೆ, ನನಗಿಂತ ನಾಲ್ಕು ವರ್ಷ ದೊಡ್ಡ ಹುಡುಗಿ. ಮಾರಿಸೆಲ್, ತೀತಾರ ಮಗಳು. ಇಲೊಯಿಲೊದಲ್ಲಿ ಅಜ್ಜಿಯ ಹತ್ತಿರ ಇದ್ದಳು. ಕಾಗದಪತ್ರ ಆಗಬೇಕು, ಆಮೇಲೆ ಬರುತ್ತಾಳೆ ಎಂದು ತೀತಾ ಹೇಳುತ್ತಲೇ ಇದ್ದರು. ಭಾನುವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಒಮ್ಮೆ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹೇಳು ಎಂದು ಫೋನು ನನ್ನ ಕಿವಿಗಿಟ್ಟರು. ನಾನು ಕಲಿತದ್ದನ್ನು ಒಪ್ಪಿಸಿದೆ: 'ಪಲಂಗ್ಗಾ ತಾ ಕಾ.' ನೀನೆಂದರೆ ನನಗೆ ಪ್ರೀತಿ. ಆ ಕಡೆಯಿಂದ ಉಸಿರಾಡುವುದು ಮಾತ್ರ ಕೇಳಿತು. ಆ ಉಸಿರಿನ ಅರ್ಥ ನನಗೆ ತಿಳಿಯಲು ಇಪ್ಪತ್ತು ವರ್ಷ ಬೇಕಾಯಿತು.

ಈಗ ನಮ್ಮ ಮನೆಯ ಮಹಾ ಮೂರ್ಖತನದ ಕತೆ ಹೇಳಬೇಕು. ಕೇಳಿದರೆ ನಗು ಬರುತ್ತದೆ, ನಗಿ, ಪರವಾಗಿಲ್ಲ. ಮೂರು ವರ್ಷಕ್ಕೆ ಡಾಗಿಸ್‌ನಲ್ಲಿ ನನಗೆ ಅರ್ಧ ದಿನದ ಜಾಗ ಸಿಕ್ಕಿತು. ಬಿಡುವವರೂ ತೀತಾ, ಕರೆತರುವವರೂ ತೀತಾ. ಅಪ್ಪ ಅಮ್ಮನ ಆಫೀಸಿನಲ್ಲಿ ಇಂಗ್ಲಿಷೇ ನಡೆಯುತ್ತಿತ್ತು. ಸ್ವೀಡಿಷ್ ತರಗತಿಗೆ ಇಬ್ಬರೂ ಎರಡು ವಾರ ಹೋಗಿ ಬಿಟ್ಟಿದ್ದರು. ಸಂಜೆ ನಾನು ಮನೆಯಲ್ಲಿ ಅದೇನೇನೋ ಪಟಪಟ ಮಾತಾಡುತ್ತಿದ್ದೆ. ಅದು ಸ್ವೀಡಿಷ್ ಎಂದು ಅವರು ತಿಳಿದರು. ನಾನು 'ಹುಒ' ಎಂದರೆ ಹೌದು, ಅದು ಅಮ್ಮನ ಕಿವಿಗೆ ನಮ್ಮ ಹೂಂ. 'ಇಂದಿ' ಎಂದರೆ ಇಲ್ಲ, ಸ್ವೀಡಿಷ್‌ನಲ್ಲಿ ಇಲ್ಲ ಎನ್ನುವ 'ಇಂತೆ'ಯೂ ಸುಮಾರು ಹಾಗೇ ಕೇಳುತ್ತದೆ. ಉಳಿದದ್ದು ಮಗುವಿನ ತೊದಲು. ಕನ್ನಡ ನನಗೆ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಅಮ್ಮ ಅಜ್ಜಿಗೆ ಫೋನ್ ಮಾಡಿದಾಗಲೆಲ್ಲ, 'ಸ್ವೀಡಿಷ್ ಅರಳು ಹುರಿದ್ಹಾಂಗೆ ಮಾತಾಡ್ತ್ ಮಗು' ಎಂದು ಕೊಚ್ಚಿಕೊಳ್ಳುತ್ತಿದ್ದರು. ಅತ್ತ ಡಾಗಿಸ್‌ನವರು ನನ್ನ ಅರ್ಧ ಮಾತು ತಮಗೆ ತಿಳಿಯದಿದ್ದಾಗ, ಪಾಪ, ಮನೆಮಾತು ಎಂದುಕೊಂಡರು. ಮನೆಯಲ್ಲಿ ಅದು ಸ್ವೀಡಿಷ್, ಶಾಲೆಯಲ್ಲಿ ಅದು ಕನ್ನಡ. ಎರಡು ವರ್ಷ ಹೀಗೇ ನಡೆಯಿತು ಎಂದರೆ ನಂಬುತ್ತೀರಾ?

ಒಡೆದದ್ದು ಯುಗಾದಿಯ ದಿನ. ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಊರಿನ ಕನ್ನಡದವರೆಲ್ಲ ಸೇರಿ ಒಂದು ಸಭಾಭವನ ಬಾಡಿಗೆಗೆ ಹಿಡಿದು ಹೋಳಿಗೆ, ಚಿತ್ರಾನ್ನ ಮಾಡಿದ್ದರು. ಹೆಚ್ಚಿನವರು ಬೆಂಗಳೂರಿನವರು. ಅವರ ನಡುವೆ ಅಮ್ಮ ತನ್ನ ಕುಂದಾಪುರದ ಕನ್ನಡವನ್ನು ಸೆರಗಿನ ಒಳಗೆ ಮುಚ್ಚಿಟ್ಟುಕೊಂಡವರ ಹಾಗೆ ಎಚ್ಚರದಿಂದ ಮಾತಾಡುತ್ತಿದ್ದರು. ಸುಮಾ ಆಂಟಿ ಎಂಬವರು ನನಗೆ ಹೋಳಿಗೆ ತಿನ್ನಿಸಿ ಕೇಳಿದರು, 'ಹೇಗಿದೆ ಪುಟ್ಟಿ?'

ನಾನು ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು ಹೇಳಿದೆ, 'ನಾಮಿತ್ ಗಿದ್!'

'ಅಯ್ಯೋ ಎಷ್ಟು ಮುದ್ದಾಗಿ ಹೇಳ್ತಾಳೆ ನೋಡಿ! ಏನ್ರೀ ಇದು, ನಿಮ್ಮ ಕುಂದಾಪುರದ ಕಡೆ ಮಾತಾ?'

'ಇಲ್ಲಪ್ಪ, ನಮ್ ಕಡೆ ಹಾಗೆಲ್ಲ ಹೇಳಲ್ಲ. ಅದು ಸ್ವೀಡಿಷ್. ಡಾಗಿಸ್‌ನಲ್ಲಿ ಕಲ್ತಿದಾಳೆ.'

ಪಕ್ಕದಲ್ಲಿದ್ದ ಸುಮಾ ಆಂಟಿಯ ಮಗಳು, ಅಲ್ಲೇ ಹುಟ್ಟಿ ಹತ್ತು ವರ್ಷ ಬೆಳೆದವಳು, ತಲೆ ಎತ್ತದೆ ಹೇಳಿದಳು, 'ಅದು ಸ್ವೀಡಿಷ್ ಅಲ್ಲ ಆಂಟಿ.'

'ಮತ್ತೆ ಯಾವ್ದಮ್ಮ?'

'ನಂಗೊತ್ತಿಲ್ಲ. ಸ್ವೀಡಿಷ್ ಅಂತೂ ಅಲ್ಲ.'

ಎಲ್ಲರೂ ಗೊಳ್ಳೆಂದು ನಕ್ಕರು. ಹೆತ್ತ ತಾಯಿಗೇ ಮಗಳ ಭಾಷೆ ಯಾವುದೆಂದು ಗೊತ್ತಿಲ್ಲ ಎಂದು ಯಾರೋ ಹೇಳಿದರು, ತಮಾಷೆಗೇ ಹೇಳಿದ್ದು. ಅಮ್ಮನೂ ನಕ್ಕರು. ನಕ್ಕ ಬಾಯಿ ಹಾಗೇ ನಿಂತುಬಿಟ್ಟಿತು. ಮನೆಗೆ ಬರುವ ಟ್ರ್ಯಾಮಿನಲ್ಲಿ ಅವರು ನನ್ನ ಗಲ್ಲ ಹಿಡಿದೆತ್ತಿ, ಇಷ್ಟು ದಿನ ಮುಚ್ಚಿಟ್ಟ ತನ್ನ ಊರ ಮಾತಿನಲ್ಲೇ ಕೇಳಿದರು, 'ನಿನ್ ಬಾಯಗೆ ಇಪ್ಪುದ್ ಯಾರ್ ಮಾತ್? ಹೇಳ್ ಕಾಂಬ.' ನನಗೆ ಗೊತ್ತಿರಲಿಲ್ಲ. ಹೆಗಲು ಕುಣಿಸಿ ಹೇಳಿದೆ, 'ಅಂಬೊತ್.'

ಸೋಮವಾರ ಅಮ್ಮ ರಜೆ ಹಾಕಿ ತಾನೇ ನನ್ನನ್ನು ಡಾಗಿಸ್‌ಗೆ ಕರೆದೊಯ್ದರು. ಒಳಗೆ ಗೋಡೆಯ ಮೇಲೆ ಪ್ರತಿ ಮಗುವಿನ ಹೆಸರಿನಲ್ಲಿ ಒಂದೊಂದು ಬಣ್ಣದ ಹಾಳೆ ಅಂಟಿಸಿದ್ದರು. ಮನೆಮಾತಿಗೆ ಮರ್ಯಾದೆ ಕೊಡಲೆಂದು ಅವರು ಪ್ರೀತಿಯಿಂದಲೇ ಮಾಡಿದ್ದು. ನನ್ನ ಹಾಳೆ ಹಳದಿ. ಮೇಲೆ ದಪ್ಪ ಅಕ್ಷರದಲ್ಲಿ 'ಕನ್ನಡ' ಎಂದಿತ್ತು. ಕೆಳಗೆ ಹದಿಮೂರು ಮಾತು, ಒಂದೊಂದರ ಪಕ್ಕದಲ್ಲೂ ಚಿತ್ರ. ನೀರಿನ ಲೋಟದ ಪಕ್ಕ ತುಬಿಗ್, ಮಳೆಯ ಪಕ್ಕ ಉಲಾನ್, ಮಲಗಿದ ಮಗುವಿನ ಪಕ್ಕ ತುಲೊಗ್, ಅಳುವ ಮುಖದ ಪಕ್ಕ ಹಿಬಿ, ಅನ್ನದ ಪಾತ್ರೆಯ ಪಕ್ಕ ದುಕೊಟ್. ಹದಿಮೂರರಲ್ಲಿ ಒಂದೂ ಕನ್ನಡವಲ್ಲ. ಕೊನೆಯದು 'ಲಂಗ್ಗಾ'. ಅದರ ಪಕ್ಕದಲ್ಲಿ ಚಿತ್ರವಿರಲಿಲ್ಲ, ನನ್ನ ಫೋಟೊ ಅಂಟಿಸಿದ್ದರು. ಟೀಚರು ವಿವರಿಸಿದರು: ಮಗು ನೀರಿಗೆ ಏನನ್ನುತ್ತಾಳೆ, ಮಳೆಗೆ ಏನನ್ನುತ್ತಾಳೆ ಎಂದು ನಾವು ಕರೆದೊಯ್ಯಲು ಬರುವವರನ್ನು ಕೇಳಿದೆವು, ಅವರು ಹೇಳಿದರು. ಲಂಗ್ಗಾ ಎಂದರೇನು ಎಂದು ಕೇಳಿದಾಗ ಅವರು ಮಾತಾಡಲಿಲ್ಲ, ತುಟಿಯಿಂದ ಮಗುವನ್ನು ತೋರಿಸಿದರು.

ತೀತಾ ಸುಳ್ಳು ಹೇಳಿರಲಿಲ್ಲ. ಮಗು ಏನನ್ನುತ್ತಾಳೆ ಎಂದು ಕೇಳಿದರು, ಮಗು ಅನ್ನುವುದನ್ನೇ ಹೇಳಿದರು. ಇಷ್ಟು ಸರಳವಾದದ್ದು ಅಮ್ಮನಿಗೆ ಆ ದಿನ ಕಾಣಲಿಲ್ಲ. ಹಾಳೆಯನ್ನು ಕೇಳಿ ಪಡೆದು, ಸುರುಳಿ ಸುತ್ತಿ, ನನ್ನನ್ನು ಎಳೆದುಕೊಂಡು ನೇರ ಮೇಲಿನ ಮನೆಯ ಬಾಗಿಲಿಗೆ ಹೋದರು. ತೀತಾ ಬಾಗಿಲು ತೆಗೆದಾಗ ಒಳಗಿಂದ ಅನ್ನದ ವಾಸನೆ ಬಂತು. ಇಬ್ಬರೂ ಇಂಗ್ಲಿಷಿನಲ್ಲಿ ಆಡಿದ ಮಾತು ನನಗೆ ಆಗ ತಿಳಿಯಲಿಲ್ಲ. ಆಮೇಲೆ ಅಪ್ಪ ಅಮ್ಮ ಜಗಳವಾಡುವಾಗ ತುಂಡುತುಂಡಾಗಿ ಕೇಳಿ ಜೋಡಿಸಿಕೊಂಡಿದ್ದೇನೆ.

'ನನ್ನ ಮಗಳನ್ನ ನೋಡ್ಕೋ ಅಂತ ಕೊಟ್ಟೆ. ಅವಳ ನಾಲಿಗೇನೇ ಕಿತ್ಕೊಂಡ್ಯಲ್ಲ!' ಎಂದರು ಅಮ್ಮ.

ತೀತಾ ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು. 'ಮಗು ಅದು. ಮಗುವಿನ ಜೊತೆ ಮಾತಾಡಿದೆ. ಇಂಗ್ಲಿಷಿನಲ್ಲಿ ಮಗು ಮಲಗಿಸೋದು ನನಗೆ ಬರೋದಿಲ್ಲ.'

'ನಿನಗೂ ಒಬ್ಬಳು ಮಗಳಿದ್ದಾಳಲ್ಲ. ನಿನ್ನ ಮಾತು ಅವಳ ಹತ್ತಿರ ಆಡು.'

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತೀತಾರ ಮುಖದಿಂದ ಬಣ್ಣವೇ ಇಳಿದುಹೋಯಿತು. ಒಳಗೆ ಒಲೆಯ ಮೇಲೆ ಅನ್ನ ತಳ ಹಿಡಿಯುತ್ತಿತ್ತು, ಆ ಮನೆಯಲ್ಲಿ ಮೊದಲ ಸಲ ಅದು ನಿಜವಾಗಿ ಸೀದುಹೋಯಿತು. ಅವರು ಮಂಡಿಯೂರಿ ಹಾಲೊಂಗ್ ಎನ್ನುತ್ತಾರೆಂದು ನಾನು ಕಾದೆ. ಅಮ್ಮ ನನ್ನನ್ನು ಎತ್ತಿಕೊಂಡು ಮೆಟ್ಟಿಲಿಳಿದುಬಿಟ್ಟರು.

ಆಮೇಲಿನ ಒಂದು ವರ್ಷ ನಮ್ಮ ಅಡುಗೆಮನೆಯ ಮೇಜು ಕನ್ನಡ ಶಾಲೆಯಾಯಿತು. ಅಮ್ಮ ಕೆಲಸವನ್ನು ಅರ್ಧ ದಿನಕ್ಕೆ ಇಳಿಸಿಕೊಂಡರು. ಊರಿಂದ ತರಿಸಿದ ಅ ಆ ಇ ಈ ಪುಸ್ತಕ, ಮಣಿಯ ಚೌಕಟ್ಟು, ಪಕ್ಕದಲ್ಲಿ ಅಮ್ಮನ ಬಿಗಿದ ತುಟಿ. ನಾನು ತುಬಿಗ್ ಎಂದರೆ ನೀರು ಸಿಗುತ್ತಿರಲಿಲ್ಲ, ನೀರು ಎಂದರೇ ಸಿಗುತ್ತಿತ್ತು. ಬಾಯಾರಿ ಅತ್ತದ್ದೂ ಇದೆ. ಅಪ್ಪ, 'ಹೋಗ್ಲಿ ಬಿಡ್ ಮಾರಾಯ್ತಿ, ಮಗು ಅದ್' ಎಂದರೆ ಅಮ್ಮ, 'ನೀವ್ ಸುಮ್ನಿರಿ. ಹೆತ್ತದ್ ನಾನ್' ಎನ್ನುತ್ತಿದ್ದರು. ಇವತ್ತು ನಾನು ಇಷ್ಟು ಒಳ್ಳೆಯ ಕನ್ನಡ ಬರೆಯುತ್ತೇನೆಂದು ನೀವು ಮೆಚ್ಚಿದರೆ, ಅದು ಆ ಮೇಜಿನ ಮುಂದೆ ಬಾಯಾರಿ ಕಲಿತದ್ದು ಎಂಬುದು ನಿಮಗೆ ಗೊತ್ತಿರಲಿ. ಅಮ್ಮನ ಮೇಲೆ ನನಗೆ ಸಿಟ್ಟಿದೆ. ಈಗಲೂ ಇದೆ. ಸುಳ್ಳು ಯಾಕೆ ಹೇಳಲಿ?

ಆದರೆ ಅಮ್ಮನ ಮೇಲೆ ಎಲ್ಲವನ್ನೂ ಹೊರಿಸಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಆರು ವರ್ಷದವಳಿದ್ದಾಗ ಒಂದು ಶನಿವಾರ ಅಮ್ಮನ ಜೊತೆ ನೆಲಮಾಳಿಗೆಗೆ ಇಳಿದೆ. ಯಂತ್ರದಿಂದ ಬಟ್ಟೆ ತೆಗೆಯುತ್ತ ತೀತಾ ನಿಂತಿದ್ದರು, ಅವರ ಪಾಳಿ ಆಗಷ್ಟೇ ಮುಗಿದಿತ್ತು. ನನ್ನನ್ನು ಕಂಡದ್ದೇ ಒದ್ದೆ ಬಟ್ಟೆ ಕೈಬಿಟ್ಟರು. 'ಇಂದಾಯ್,' ಎಂದರು, ಸಣ್ಣ ದನಿಯಲ್ಲಿ. 'ದಿಯಿನ್ ಕಾ ಮಕಾದ್ತೋ?' ಎಲ್ಲಿಗೆ ಹೊರಟದ್ದು ಪುಟ್ಟಿ? ನನಗೆ ಅಕ್ಷರಕ್ಷರವೂ ಅರ್ಥವಾಯಿತು. ನಾಲಿಗೆಯ ತುದಿಗೆ ಉತ್ತರವೂ ಬಂದಿತ್ತು. ಹಿಂದೆ ಅಮ್ಮ ನಿಂತಿದ್ದರು. ಅವರು ಏನೂ ಹೇಳಲಿಲ್ಲ, ಗದರಲಿಲ್ಲ. ನಾನೇ, ನಾನೇ ಸ್ವೀಡಿಷ್‌ನಲ್ಲಿ ಹೇಳಿದೆ, 'ಯಾಗ್ ಫೊಶ್ಟೋರ್ ಇಂತೆ.' ನನಗೆ ಅರ್ಥವಾಗುವುದಿಲ್ಲ. ಅಮ್ಮನಿಗೆ ಜಾಣೆ ಅನ್ನಿಸಿಕೊಳ್ಳಬೇಕಿತ್ತು, ಅಷ್ಟೇ. ತೀತಾ ತಲೆಯಾಡಿಸಿದರು. ಬಟ್ಟೆಗಳನ್ನು ಬುಟ್ಟಿಗೆ ತುಂಬಿದರು. ನನ್ನ ಪಕ್ಕದಲ್ಲೇ ಹಾದು ಮೆಟ್ಟಿಲು ಹತ್ತಿದರು. ಯಾರಾದರೂ ನನಗೆ ಹೊಡೆದಿದ್ದರೆ ಎಷ್ಟು ಚೆನ್ನಾಗಿತ್ತು.

ಅಲ್ಲಿಯವರ ಬಾಗಿಲಲ್ಲಿ, ಕಾಗದ ಹಾಕುವ ಸಂದಿಯ ಮೇಲೆ ಮನೆಯವರ ಹೆಸರು ಇರುತ್ತದೆ. ನಾನು ಶಾಲೆಯಿಂದ ಬಂದು ಅಮ್ಮ ಬರುವುದರೊಳಗೆ ಮೇಲಿನ ಮಹಡಿಗೆ ಹೋಗಿ ಆ ಹೆಸರನ್ನು ಓದಿ ಬರುತ್ತಿದ್ದೆ. ಗಂಟೆ ಒತ್ತುವ ಧೈರ್ಯ ಒಂದು ದಿನವೂ ಬರಲಿಲ್ಲ. ಮೂಗು ಮುಂದೆ ಮಾಡಿ ನಿಂತು ವಾಸನೆ ಹಿಡಿದು ಇಳಿದುಬರುತ್ತಿದ್ದೆ. ಎಂಟು ವರ್ಷದವಳಿದ್ದಾಗ ಒಂದು ದಿನ ಹೋಗಿ ನೋಡಿದರೆ ಬೇರೆ ಹೆಸರು. ಗಂಡ ತೀರಿಹೋದರು, ಆಕೆ ಮನೆ ಬದಲಿಸಿದರು ಎಂದು ಕೆಳಗಿನ ಮನೆಯ ಮುದುಕಿ ಹೇಳಿದಳು. ಎಲ್ಲಿಗೆ ಎಂದು ಅವಳು ಕೇಳಿರಲಿಲ್ಲ. ಅಲ್ಲಿ ಹಾಗೆಲ್ಲ ಕೇಳುವುದಿಲ್ಲವಲ್ಲ. ಮರುವರ್ಷ ನಾವೂ ಗಂಟುಮೂಟೆ ಕಟ್ಟಿ ಊರಿಗೆ ಬಂದೆವು. ನಾನು ಮಂಗಳೂರಿನಲ್ಲಿ ಶಾಲೆ ಓದಿದೆ, ಕನ್ನಡದಲ್ಲಿ ಬಹುಮಾನ ಗೆದ್ದೆ, ಅಮ್ಮ ಪ್ರತಿ ಸಲವೂ ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ಹೊಡೆದರು.

ಎರಡು ವರ್ಷದ ಹಿಂದೆ ಓದಲೆಂದು ನಾನು ಮತ್ತೆ ಆ ಊರಿಗೆ ಹೊರಟಾಗ ಅಮ್ಮ ಕಪಾಟಿನ ತಳದಿಂದ ಒಂದು ಸುರುಳಿ ತೆಗೆದು ಕೊಟ್ಟರು. ಹಳದಿ ಹಾಳೆ. ಅದನ್ನು ಅವರು ಅಂದೇ ಹರಿದು ಕಸಕ್ಕೆ ಹಾಕಿದ್ದಾರೆ ಎಂದು ನಾನು ತಿಳಿದಿದ್ದೆ.

'ಇದನ್ನ ಎಂತಕೆ ಇಟ್ಕೊಂಡ್ರಿ?' ಎಂದು ಕೇಳಿದೆ.

ಅಮ್ಮ ನನ್ನ ಕಡೆ ನೋಡದೆ ಹೇಳಿದರು, 'ಎಲ್ಲ ತಾಯಂದಿರೂ ಮಗುವಿನ ಮೊದಲ ಮಾತ್ ಬರ್ದ್ ಇಟ್ಕೊಂತ್ರ್. ನಿನ್ ಮೊದಲ ಮಾತ್ ಇದೇ ಅಲ್ದಾ? ನಂಗೆ ಬೇರೆ ಎಂತ ಇತ್ತ್ ಇಟ್ಕೊಂಬುಕೆ?' ಕಪಾಟಿನ ಬಾಗಿಲು ಮುಚ್ಚುತ್ತ, 'ಅವ್ರ್ ಸಿಕ್ರೆ ಕೊಡ್' ಎಂದರು. ಅಮ್ಮನ ಮೇಲಿನ ಸಿಟ್ಟನ್ನು ಎಲ್ಲಿ ಇಡಬೇಕೆಂದು ನನಗೆ ಆ ಕ್ಷಣ ತಿಳಿಯಲಿಲ್ಲ.

ತೀತಾ ಸಿಗಲಿಲ್ಲ. ಪಕ್ಕದ ಗೋಥೆನ್‌ಬರ್ಗಿನಲ್ಲಿ ಫಿಲಿಪೀನ್ಸಿನವರು ಸೇರುವ ಒಂದು ಚರ್ಚಿನಲ್ಲಿ ಭಾನುವಾರದ ಕಾಫಿಯ ಹೊತ್ತಿಗೆ ಹೋಗಿ ವಿಚಾರಿಸಿದೆ. ಲೂರ್ದೆಸ್ ತೀರಿಹೋಗಿ ಕೆಲವು ವರ್ಷವಾಯಿತು, ಮಗಳು ಇಲ್ಲೇ ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತಾಳೆ ಎಂದರು. ನಂಬರು ಕೊಟ್ಟರು. ಮಾರಿಸೆಲ್ ಒಂದು ಕಾಫಿ ಅಂಗಡಿಗೆ ಬಂದಳು, ಕೆಲಸದ ನೀಲಿ ಅಂಗಿಯ ಮೇಲೆ ಕೋಟು ಹಾಕಿಕೊಂಡು. ಫೋಟೊದ ಹುಡುಗಿಯ ಕಣ್ಣು ಹಾಗೇ ಇತ್ತು. ನಾನು ಯಾರೆಂದು ಹೇಳುವ ಅಗತ್ಯ ಬೀಳಲಿಲ್ಲ. 'ಫೋನಿನಲ್ಲಿ ಮಾತಾಡಿದವಳು ನೀನು' ಎಂದಳು ಸ್ವೀಡಿಷ್‌ನಲ್ಲಿ. ನಾನು ಹೌದೆಂದೆ, ಹಿಲಿಗಾಯ್ನೊನ್‌ನಲ್ಲಿ, ಹುಒ. ಅವಳು ಸ್ವೀಡಿಷ್ ಬಿಟ್ಟು ಕದಲಲಿಲ್ಲ.

ನಾನು ಹಾಳೆ ಬಿಡಿಸಿ ಮೇಜಿನ ಮೇಲಿಟ್ಟೆ. ಅವಳು ಬಹಳ ಹೊತ್ತು ಓದಿದಳು. 'ಅಮ್ಮ ಇದನ್ನು ಹೇಗೆ ಹೇಳುತ್ತಿದ್ದಳು? ಅವಳ ರಾಗದಲ್ಲಿ ಹೇಳು' ಎಂದಳು. ಐದು ವರ್ಷದ ಮಗುವಿನಷ್ಟೇ ಆ ಭಾಷೆ ಬಲ್ಲ ನಾನು ಒಂದೊಂದಾಗಿ ಹೇಳಿದೆ. ತುಬಿಗ್. ಉಲಾನ್. ತುಲೊಗ್. ದುಕೊಟ್ ಎಂದಾಗ ಅವಳು ಕಣ್ಣು ಮುಚ್ಚಿಕೊಂಡಳು.

'ನನ್ನ ಹತ್ತಿರ ಹೀಗೆ ಮಾತಾಡಲೇ ಇಲ್ಲ' ಎಂದಳು. 'ಫೋನಿನಲ್ಲಿ ಬರೀ ಓದು, ಅಜ್ಜಿ ಹೇಳಿದ ಹಾಗೆ ಕೇಳು, ಅಷ್ಟೇ. ಹದಿನಾಲ್ಕು ವರ್ಷಕ್ಕೆ ಇಲ್ಲಿಗೆ ಬಂದೆ. ನಾನು ನಮ್ಮ ಮಾತಿನಲ್ಲಿ ಕೇಳಿದರೆ ಅವಳು ಹರಕು ಸ್ವೀಡಿಷ್‌ನಲ್ಲೇ ಉತ್ತರ ಕೊಡುತ್ತಿದ್ದಳು. ಯಾಕೆ ಅಂತ ಜಗಳವಾಡಿದೆ. ಒಂದು ಮಗುವಿನ ಬಾಯಿ ಕೆಡಿಸಿದ್ದೇನೆ, ಇನ್ನೊಂದರದ್ದು ಕೆಡಿಸೋದಿಲ್ಲ ಅಂದಳು. ಆಸ್ಪತ್ರೆಯಲ್ಲಿ ಕೊನೆಯ ದಿನವೂ ನನ್ನ ಹತ್ತಿರ ಸ್ವೀಡಿಷ್. ತಪ್ಪು ತಪ್ಪು ಸ್ವೀಡಿಷ್.'

ನನ್ನ ಕಾಫಿ ತಣ್ಣಗಾಗಿತ್ತು. ನನ್ನ ಅಮ್ಮನ ಪರವಾಗಿ ಕ್ಷಮೆ ಕೇಳಲೇ, ನೆಲಮಾಳಿಗೆಯಲ್ಲಿ ನಿಂತ ಆರು ವರ್ಷದವಳ ಪರವಾಗಿ ಕೇಳಲೇ? ನಿನ್ನ ಮಾತು ನಿನ್ನ ಮಗಳ ಹತ್ತಿರ ಆಡು ಎಂದು ಅಮ್ಮ ಹೇಳಿದ್ದರು. ತೀತಾ ಅದೊಂದನ್ನೇ ಮಾಡಲಿಲ್ಲ. ಮಾರಿಸೆಲ್‌ಳ ತಾಯಿಯ ಎಲ್ಲ ಮುದ್ದು ಮಾತುಗಳನ್ನೂ ನಾನು ಉಂಡು ಮುಗಿಸಿದ್ದೆ. ಉಂಡದ್ದು ನನಗೂ ದಕ್ಕಲಿಲ್ಲ.

ಮಾರಿಸೆಲ್ ಹಾ‌ಳೆಯ ಕೊನೆಯ ಸಾಲಿಗೆ ಬಂದಳು. ಲಂಗ್ಗಾ, ಅದರ ಪಕ್ಕದಲ್ಲಿ ನನ್ನ ಮುಖ. ಉಗುರಿನಿಂದ ಫೋಟೊದ ಅಂಚನ್ನು ಮೆಲ್ಲಗೆ ಎಬ್ಬಿಸಿದಳು. ಹಳೆಯ ಅಂಟು, ಕಷ್ಟವಿಲ್ಲದೆ ಬಿಟ್ಟಿತು. ಫೋಟೊವನ್ನು ಮೇಜಿನ ಮೇಲೆ ನನ್ನ ಕಡೆ ಸರಿಸಿ, ಹಾಳೆಯನ್ನು ಮಡಚಿ ತನ್ನ ಚೀಲದಲ್ಲಿಟ್ಟುಕೊಂಡಳು. ಅದು ಸರಿಯೇ. ಅಮ್ಮ ಇಪ್ಪತ್ತು ವರ್ಷ ಜೋಪಾನ ಮಾಡಿದ್ದು ಹಾಗೆ ಹೋಯಿತು. ಅವಳು ಎದ್ದು ಕೋಟಿನ ಗುಂಡಿ ಹಾಕಿಕೊಂಡಳು. ಆ ಹಾಳೆಯಲ್ಲಿ ಇಲ್ಲದ ಒಂದು ಮಾತು ನನ್ನಲ್ಲಿ ಉಳಿದಿತ್ತು. ಡಾಗಿಸ್‌ನಲ್ಲಿ ಯಾರೂ ಅದನ್ನು ಕೇಳಿರಲಿಲ್ಲ, ಯಾಕೆಂದರೆ ತೀತಾ ಅದನ್ನು ತಮ್ಮ ಮನೆಯ ಬಾಗಿಲಲ್ಲಿ, ಮಂಡಿಯೂರಿ, ನನ್ನ ಟೊಪ್ಪಿಯ ದಾರ ಕಟ್ಟುತ್ತ ಮಾತ್ರ ಹೇಳುತ್ತಿದ್ದರು. ತಿರುಗಿ ಹೇಳಿದರೇ ಬಾಗಿಲು ಮುಚ್ಚುವುದು ಎಂಬ ಆ ಮಾತು.

'ಹಾಲೊಂಗ್' ಎಂದೆ.

ಮಾರಿಸೆಲ್ ನಿಂತಳು. ನನ್ನ ಮುಖವನ್ನೇ ನೋಡಿದಳು. ಆಮೇಲೆ, ಒಂದೊಂದೇ ಶಬ್ದವನ್ನು ಬಿಡಿಸಿ ಹೇಳಿದಳು, 'ಯಾಗ್ ಫೊಶ್ಟೋರ್ ಇಂತೆ.'

ಅರ್ಥವಾಗಿಯೂ ಆ ಮಾತನ್ನು ಹೇಗೆ ಹೇಳುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು.